ಅರಗು ತುಂಬಿದ ಹಲ್ಲು

ಒಂದು ಅಳಿಲಿನ ಮುಂಹಲ್ಲು ಮುರಿದು ಸಂದಿಯಾಗಿತ್ತು. ಮಾತಾಡಿದರೆ ಸಣ್ಣ ಸಿಳ್ಳೆ ಹೊರಡುತ್ತಿತ್ತು. ಗಿಳಿಗಳಿಗೆ ನಗಲು ಅಷ್ಟು ಸಾಕಾಯಿತು. ಅಳಿಲು ಅರಗಿನ ಹುಳುವಿನ ಬಳಿ ಹೋಗಿ, “ಅಕ್ಕಾ, ಈ ಸಂದಿ ತುಂಬಿಕೊಡು” ಎಂದಿತು.

“ನೋವಿದೆಯೇ?” ಎಂದಿತು ಹುಳು.

“ಇಲ್ಲ.”

“ಕಾಯಿ ಕಡಿಯಲು ಕಷ್ಟವೇ?”

“ಇಲ್ಲ. ನಾಚಿಕೆಯಾಗುತ್ತದೆ.”

“ತುಂಬುವುದು ನನಗೆ ಗೊತ್ತು, ತೆಗೆಯುವುದು ಗೊತ್ತಿಲ್ಲ. ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಬಾ.”

“ಹಲ್ಲು ನನ್ನದು” ಎಂದು ಅಳಿಲು ಬಾಯಿ ತೆರೆಯಿತು. ಹುಳು ಅರಗು ತುಂಬಿತು.

ಸಂಜೆ ಅದು ಹಣ್ಣು ಹಿಡಿದು ಕಣ್ಣು ಕಾಣದ ತಾಯಿಯ ಪೊಟರೆಗೆ ಬಂತು. “ಅವ್ವಾ, ತಿನ್ನು.”

ತಾಯಿ ಹಿಂದೆ ಸರಿಯಿತು. “ನೀನು ಯಾರೋ, ನಿನ್ನ ಹಣ್ಣು ಬೇಡ. ನನ್ನ ಮಗಳು ಮಾತಾಡಿದರೆ ಸಿಳ್ಳೆ ಕೇಳುತ್ತದೆ.”

ಅಳಿಲು ಹೊರಗೆ ಓಡಿ, ಅರಗು ಬಿಡಿಸಲು ಕಲ್ಲು ಕಚ್ಚಿತು. ಪಕ್ಕದ ಹಲ್ಲು ಅಲುಗಿತು, ಅರಗು ಅಲುಗಲಿಲ್ಲ. ಪೊಟರೆಯೊಳಗಿನಿಂದ ಮುದಿ ಅವ್ವ ಕೂಗಿತು: “ತಾಯೀ, ದಾರಿಯಲ್ಲಿ ನನ್ನ ಮಗಳು ಸಿಕ್ಕರೆ, ಅವ್ವ ಹಸಿದಿದ್ದಾಳೆ ಅನ್ನು.”