ಮೂರು ನಿಮಿಷದ ಸ್ಕ್ಯಾನು

“ಗುರುಗಳೇ, ಸ್ಕ್ಯಾನಿನ ಹೊತ್ತನ್ನು ಇನ್ನೂ ಇಳಿಸಬಹುದು ಅನ್ನುತ್ತಾರೆ. ಇಳಿಸಲೇ, ಬೇಡವೇ?” ಎಂದು ಶಿಷ್ಯ ಕೇಳಿದ. ಎಂಆರ್‌ಐ ಕೋಣೆಯ ಉಸ್ತುವಾರಿ ಮರುದಿನದಿಂದ ಅವನ ಪಾಲಿಗೆ ಬರುವುದಿತ್ತು. ಆ ಕೆಲಸದಲ್ಲೇ ತಲೆ ನರೆತಿದ್ದ ಗುರು, “ಒಂದು ಕತೆ ಹೇಳುತ್ತೇನೆ. ಕೇಳಿದ ಮೇಲೆ ನೀನೇ ತೀರ್ಮಾನ ಮಾಡು” ಎಂದರು.

ಒಂದೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಟೆಕ್ನಿಷಿಯನ್ ಇದ್ದ. ಕಟ್ಟುನಿಟ್ಟಿನ ಮನುಷ್ಯ. ತಲೆಯನ್ನು ಎಲ್ಲ ದಿಕ್ಕಿನಿಂದಲೂ ಒಟ್ಟಾಗಿ ಅಳೆಯುವ ಸ್ಕ್ಯಾನಿಗೆ ಹನ್ನೆರಡು ನಿಮಿಷ ಬೇಕು. ನಡುವೆ ತಲೆ ಅಲುಗಿತೋ, ಇಡೀ ಚಿತ್ರ ಕೆಟ್ಟಂತೆ. ಮತ್ತೆ ಮೊದಲಿನಿಂದ ಶುರು. ಅವನು ಒಂದು ನಿಮಿಷವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಹೊರಗಿನ ಬೆಂಚು ಮಾತ್ರ ಖಾಲಿಯಾದದ್ದೇ ಇಲ್ಲ. ಒಂದು ಮಧ್ಯಾಹ್ನ ಹೆಸರು ಕೂಗಿದರೆ ಒಬ್ಬ ಹಮಾಲ ಏಳಲಿಲ್ಲ. ಎರಡು ದಿನದಿಂದ ಸರದಿ ಕಾದವನು ಕೂತಲ್ಲೇ ಪ್ರಾಣ ಬಿಟ್ಟಿದ್ದ.

ಅಂದು ಟೆಕ್ನಿಷಿಯನ್‌ಗೆ ಅನ್ನ ಇಳಿಯಲಿಲ್ಲ. ಇನ್ನು ಯಾರೂ ಹೀಗೆ ಸಾಯಬಾರದು ಎಂದುಕೊಂಡು ಹೊತ್ತನ್ನು ಇಳಿಸುತ್ತ ಬಂದ. ಹನ್ನೆರಡು ಎಂಟಾಯಿತು, ಎಂಟು ಐದಾಯಿತು, ಕೊನೆಗೆ ಮೂರಕ್ಕೆ ಬಂತು. ಅದರ ಗುಟ್ಟು ಇಷ್ಟೇ: ಯಂತ್ರ ಎಲ್ಲವನ್ನೂ ಅಳೆಯುವುದಿಲ್ಲ, ನಡುನಡುವೆ ಬಿಡುತ್ತದೆ. ಬಿಟ್ಟದ್ದನ್ನು ಹಿಂದೆ ಕಂಡ ಸಾವಿರಾರು ತಲೆಗಳ ಅಂದಾಜಿನಿಂದ ತುಂಬುತ್ತದೆ. ಕೆಲವು ಚುಕ್ಕಿ ಬಿಟ್ಟುಹೋದರೂ ಪಳಗಿದ ಕೈ ರಂಗೋಲಿ ಮುಗಿಸುವುದಿಲ್ಲವೇ, ಹಾಗೆ. ಚಿತ್ರ ಚೊಕ್ಕಟವಾಗಿ ಬರುತ್ತಿತ್ತು. ಸಂಜೆಯೊಳಗೆ ಬೆಂಚು ಖಾಲಿ. ಜನ ಕೈ ಮುಗಿದರು. ಹೊಗಳಿಕೆ ಯಾರಿಗೆ ಬೇಡ ಹೇಳು?

ಒಂದು ದಿನ ಅವನ ಅಕ್ಕ ಬಂದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದವಳು. ತಿಂಗಳಿನಿಂದ ಅವಳಿಗೆ ತಲೆನೋವು. ಸುರಂಗದಂಥ ಆ ಯಂತ್ರವನ್ನು ಕಂಡು ಬಾಗಿಲಲ್ಲೇ ನಿಂತಳು.

“ಎಷ್ಟು ಹೊತ್ತು ಇರಬೇಕೋ ಇದರೊಳಗೆ?”

“ಮೂರೇ ನಿಮಿಷ ಅಕ್ಕ. ಕಣ್ಣು ಮುಚ್ಚಿ ತೆರೆಯೋದರೊಳಗೆ ಮುಗಿದುಹೋಗುತ್ತೆ.”

ಡಾಕ್ಟರು ಚಿತ್ರ ನೋಡಿ, ಏನೂ ಇಲ್ಲ ಎಂದು ಬರೆದರು. ಅಕ್ಕ ನೋವು ನುಂಗಿಕೊಂಡು ಊರಿಗೆ ಹೋದಳು. ಆರು ತಿಂಗಳಿಗೆ ಅವಳ ಮಾತು ತೊದಲತೊಡಗಿತು. ಈ ಸಲ ಅವನು ಪೂರಾ ಹನ್ನೆರಡು ನಿಮಿಷ ಕೊಟ್ಟ. ನಿಂಬೆಹಣ್ಣಿನ ಗಾತ್ರದ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು.

ಅವನು ಹಳೆಯ ಚಿತ್ರವನ್ನು ತೆಗೆದು ನೋಡಿದ. ಆರೋಗ್ಯವಂತರ ತಲೆಯಲ್ಲಿ ಇರಬೇಕಾದದ್ದೇ ಅದರಲ್ಲಿತ್ತು. ಗಡ್ಡೆ ಅಂದೇ ಇತ್ತೇ, ಆಮೇಲೆ ಬಂತೇ? ಅಳೆಯದೆ ಬಿಟ್ಟ ಜಾಗವನ್ನು ಈಗ ಯಾರು ನೋಡಿ ಬಂದಾರು? ಸಾಯುವ ತನಕ ಅವನಿಗದು ತಿಳಿಯುವಂತಿರಲಿಲ್ಲ. ಕೈಯಾರೆ ಕೊಂದೆನಲ್ಲ ಎಂದು ಅಕ್ಕನ ಮಂಚದ ಬಳಿ ಕೂತು ಗೋಳಾಡಿದ. ಅವಳೇ ತೊದಲುತ್ತ ಸಮಾಧಾನ ಹೇಳಿದಳು: “ಬಿಡೋ. ಅವತ್ತು ಅದರೊಳಗೆ ಮೂರೇ ನಿಮಿಷ, ನನಗೆ ಒಂಚೂರೂ ಕಷ್ಟ ಆಗಲಿಲ್ಲ.” ಅವಳನ್ನು ಮಣ್ಣು ಮಾಡಿ ಬಂದ ಮೇಲೂ ಆ ಮಾತು ಅವನನ್ನು ಬಿಡಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ನಾನು ಇಳಿಸುವುದಿಲ್ಲ ಗುರುಗಳೇ. ಒಬ್ಬೊಬ್ಬರಿಗೂ ಹನ್ನೆರಡು ನಿಮಿಷ ಕೊಡುತ್ತೇನೆ” ಎಂದ.

“ಕೊಡಪ್ಪ, ಸರದಿಯಲ್ಲಿ ಕೂತವರೊಳಗೆ ಯಾರು ಸಾಯಬೇಕು ಎಂಬುದನ್ನು ಮಾತ್ರ ನಾಳೆ ಬೆಳಿಗ್ಗೆಯೇ ಆರಿಸಿಟ್ಟುಕೋ” ಎಂದರು ಗುರು.