ಅಡುಗೆಮನೆಗೆ ಮುಟ್ಟದ ಮಾತು

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅದರ ಪಕ್ಕದಲ್ಲೇ ಆಶ್ರಮದವರು ನಡೆಸುತ್ತಿದ್ದ ನಲವತ್ತು ಹಾಸಿಗೆಗಳ ಧರ್ಮಾಸ್ಪತ್ರೆ.

ಎರಡನ್ನೂ ನೋಡಿಕೊಳ್ಳುತ್ತಿದ್ದವರು ನೀಲಾಂಬಿಕೆ ಅಕ್ಕನವರು. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಬೆಳಿಗ್ಗೆ ಶಿಷ್ಯರಿಗೆ ವಚನ ಹೇಳಿಕೊಡುತ್ತಿದ್ದರು, ಮಧ್ಯಾಹ್ನ ಪ್ರೋಗ್ರಾಮ್ ಬರೆಯುವುದನ್ನು. ಎರಡಕ್ಕೂ ಅದೇ ಚಾಪೆ, ಅದೇ ಮೆಲುದನಿ.

ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿದವರೂ ಅವರೇ. ಆಪರೇಷನ್ ಪಟ್ಟಿಗೆ ಒಂದು ಸರ್ವಿಸ್, ಅಂದರೆ ಆ ಒಂದೇ ಕೆಲಸ ನೋಡಿಕೊಳ್ಳುವ ಪ್ರೋಗ್ರಾಮ್; ಹಾಸಿಗೆಗೆ ಒಂದು, ಔಷಧಕ್ಕೆ ಒಂದು, ಅಡುಗೆಗೆ ಒಂದು. ನಾಲ್ಕಕ್ಕೂ ಬೇರೆ ಬೇರೆ ಡೇಟಾಬೇಸ್, ತನ್ನ ತನ್ನ ದಾಖಲೆ ಪುಸ್ತಕದ ಹಾಗೆ. ಒಂದರ ಡೇಟಾಬೇಸಿಗೆ ಇನ್ನೊಂದು ಕೈ ಹಾಕುವಂತಿಲ್ಲ. ಏನಾದರೂ ಬದಲಾದರೆ ಸುದ್ದಿ ಕಳಿಸಬೇಕು.

ಆ ಸುದ್ದಿ ಕಳಿಸುವ ಭಾಗವನ್ನು ಬರೆದವನು ಶಿಷ್ಯ ಪ್ರಭುಲಿಂಗ. ಅಕ್ಕನವರ ಹಾಗೆ ಯೋಚಿಸುವುದನ್ನು ಕಲಿಯಬೇಕೆಂದೇ ಆಶ್ರಮಕ್ಕೆ ಬಂದು ಎರಡು ವರ್ಷವಾಗಿತ್ತು. ಇನ್ನೂ ಕಲಿತಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಒಂದು ಗುರುವಾರ ದ್ಯಾಮವ್ವ ಎಂಬ ಮುದುಕಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಅರಿವಳಿಕೆ ಕೊಡುವ ವೈದ್ಯರ ಫೋನ್ ಬಂತು. ಕಾರು ದಾರಿಯಲ್ಲಿ ಕೆಟ್ಟಿದೆ, ಬರಲಾಗುವುದಿಲ್ಲ.

ಆಪರೇಷನ್ ಸರ್ವಿಸ್ ತನ್ನ ಡೇಟಾಬೇಸಿನಲ್ಲಿ 'ಮುಂದೂಡಿದೆ' ಎಂದು ಬರೆದುಕೊಂಡಿತು. ಹಾಸಿಗೆಗೆ ಸುದ್ದಿ ಕಳಿಸಿತು, ಅಡುಗೆಗೂ ಕಳಿಸಿತು. ಸರಿಯಾಗಿ ಅದೇ ಹೊತ್ತಿಗೆ ಅಡುಗೆಯ ಸರ್ವಿಸ್ ನಿಂತು ಮತ್ತೆ ಶುರುವಾಗುತ್ತಿತ್ತು. ಅಡುಗೆಗೆ ಕಳಿಸಿದ ಸುದ್ದಿ ಮುಟ್ಟದೆ ಬಿದ್ದುಹೋಯಿತು.

ನರ್ಸುಗಳ ಪಾಳಿ ಬದಲಾಗುವ ಸಮಯ. ಹೊಸದಾಗಿ ಬಂದ ನರ್ಸು ಊಟದ ಪಟ್ಟಿ ನೋಡಿದಳು. ದ್ಯಾಮವ್ವನ ಹೆಸರಿನ ಮುಂದೆ 'ಉಪವಾಸ' ಎಂದಿತ್ತು. ಅದನ್ನೇ ಮುದುಕಿಗೆ ಹೇಳಿ, ತಟ್ಟೆ ಇಡದೆ ಮುಂದಿನ ಹಾಸಿಗೆಗೆ ಹೋದಳು.

ಮೂರು ಗಂಟೆಗೆ ದ್ಯಾಮವ್ವ ಬಚ್ಚಲಿಗೆ ಹೋಗಲೆಂದು ಎದ್ದು, ಬಾಗಿಲ ಬಳಿ ಕುಸಿದು ಬಿದ್ದಳು. ಡಾಕ್ಟರು ಓಡಿ ಬಂದು ಗ್ಲೂಕೋಸ್ ಹಾಕಿದರು. ಜೀವಕ್ಕೇನೂ ಆಗಲಿಲ್ಲ.

ಪ್ರಭುಲಿಂಗ ಕಂಪ್ಯೂಟರ್ ಮುಂದೆ ಕೂತು ಎರಡೂ ಡೇಟಾಬೇಸ್ ತೆರೆದು ನೋಡಿದ. ಒಂದರಲ್ಲಿ 'ಮುಂದೂಡಿದೆ'. ಇನ್ನೊಂದರಲ್ಲಿ 'ಉಪವಾಸ'. ಎರಡರ ನಡುವೆ ಏಳು ತಾಸು ಒಬ್ಬ ಹೆಂಗಸು ಹಸಿದು ಮಲಗಿದ್ದಳು.

ಅವನು ಅಕ್ಕನವರ ಬಳಿಗೆ ಹೋಗಿ ನಿಂತ.

"ತಪ್ಪು ನಂದು ಅಕ್ಕಾವರ. ಸುದ್ದಿ ಒಂದು ಸಲ ಕಳಿಸಿ ಕೈಬಿಡೋ ಹಂಗ ಬರದಿದ್ದೆ. ಮುಟ್ಟಿತೋ ಇಲ್ಲೋ ನೋಡೋ ಹಂಗ ಬರದಿರಲಿಲ್ಲ."

ಅಕ್ಕನವರು ಕೇಳಿದರು. "ದ್ಯಾಮವ್ವ ಈಗ ಏನರ ತಿಂದಾಳೇನು?"

ಪ್ರಭುಲಿಂಗನಿಗೆ ಗೊತ್ತಿರಲಿಲ್ಲ. ಅವನು ಕಂಪ್ಯೂಟರ್ ಕೋಣೆಯಿಂದ ನೇರವಾಗಿ ಬಂದಿದ್ದ.

ಅಕ್ಕನವರು ಎದ್ದರು. ಡಾಕ್ಟರನ್ನು ಕೇಳಿಕೊಂಡು, ಅಡುಗೆಮನೆಯಿಂದ ತಾವೇ ಗಂಜಿ ತಂದು, ಮುದುಕಿಯ ಪಕ್ಕದಲ್ಲಿ ಕೂತರು.

"ನಮ್ಮಿಂದ ತಪ್ಪಾತವ್ವ. ಆಪರೇಷನ್ ಇಲ್ಲಂತ ಮುಂಜಾನೇನ ಹೇಳಬೇಕಿತ್ತು. ನೀ ಯಾಕ ಕೇಳಲಿಲ್ಲ?"

"ಪಟ್ಟಿಯೊಳಗ ಉಪವಾಸ ಅಂತ ಐತಿ ಅಂತ ನರ್ಸಮ್ಮ ಅಂದ್ರು. ಬರದದ್ದಕ್ಕ ನಾ ಏನ ಅಂತ ಕೇಳ್ಲಿ?"

ಬಾಗಿಲಲ್ಲಿ ನಿಂತಿದ್ದ ಪ್ರಭುಲಿಂಗ ತಲೆ ತಗ್ಗಿಸಿದ. ಅಷ್ಟು ದೊಡ್ಡವರು ಮುದುಕಿಗೆ ಒಂದೊಂದೇ ಚಮಚ ಗಂಜಿ ಕುಡಿಸುತ್ತಿದ್ದರು. ಅವನಿಗೆ ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರು ದಿನ ಅವನು ಕೂತಲ್ಲಿಂದ ಏಳಲಿಲ್ಲ. ಇನ್ನು ಮುಂದೆ ನಾಲ್ಕೂ ಸರ್ವಿಸುಗಳು 'ನಾನು ಸಿದ್ಧ' ಎಂದು ಹೇಳಿದ ಮೇಲೇ ಯಾವುದೇ ಬದಲಾವಣೆ ಬರೆಯಬೇಕು. ಒಂದು ಹೇಳದಿದ್ದರೂ ಉಳಿದ ಮೂರು ಕಾಯಬೇಕು. ಹಾಗೆ ಮಾಡಿ ಮುಗಿಸಿದ. ಇನ್ನು ಯಾವ ಎರಡು ಡೇಟಾಬೇಸುಗಳೂ ಬೇರೆ ಮಾತು ಆಡಲಾರವು ಎಂದುಕೊಂಡ.

ಸೋಮವಾರ ಔಷಧದ ಸರ್ವಿಸ್ ಕೆಟ್ಟಿತು. ಮಿಕ್ಕ ಮೂರೂ ಕಾಯುತ್ತ ನಿಂತವು.

ಕಾಲು ಮುರಿದುಕೊಂಡು ಬಂದವನಿಗೆ ಹಾಸಿಗೆ ಗುರುತು ಮಾಡಲಾಗದೆ, ಅವನು ಒಂದು ತಾಸು ಸ್ಟ್ರೆಚರ್ ಮೇಲೇ ನರಳಿದ. ಅಡುಗೆಯ ಮುಖ್ಯಸ್ಥ ಚನ್ನಮಲ್ಲಯ್ಯ ಸೌಟು ಹಿಡಿದುಕೊಂಡೇ ಬಂದ.

"ಔಷಧದವರ ಮಷೀನ್ ಕೆಟ್ಟರ ನನ್ನ ಊಟದ ಪಟ್ಟಿ ಯಾಕ ನಿಲ್ಲಬೇಕ್ರಿ? ನನ್ನ ಒಲಿ ಉರಿಯಾಕತ್ತೈತಿ."

ಪ್ರಭುಲಿಂಗ ಎಲ್ಲವನ್ನೂ ಹಳೆಯ ಹಾಗೆ ಮಾಡಿ, ಮತ್ತೆ ಅಕ್ಕನವರ ಮುಂದೆ ಬಂದು ಕೂತ.

"ನಾಲ್ಕನ್ನೂ ಕೂಡಿಸಿ ಒಂದ ಡೇಟಾಬೇಸ್ ಮಾಡಿಬಿಡೋಣ ಅಕ್ಕಾವರ. ಆಗ ಸುದ್ದಿ ಕಳಿಸೋ ತಾಪತ್ರಯನ ಇರೂದಿಲ್ಲ."

"ಮೊದಲು ಹಂಗ ಇತ್ತು. ಅದು ಒಂದ ದಿನ ಮಲಗಿದಾಗ ನಲವತ್ತು ಮಂದಿಗೂ ಊಟ ಇಲ್ಲ, ಔಷಧ ಇಲ್ಲ. ಅವತ್ತ ಬ್ಯಾರೆ ಮಾಡಿದೆ."

"ಮತ್ತ ನಾ ಏನು ಮಾಡ್ಲಿ?"

ಅಕ್ಕನವರು ಹೇಳಿದರು.

"ಸದ್ಯಕ್ಕ ಕಂಪ್ಯೂಟರ್ ಬಿಡು. ಮೂರನೇ ವಾರ್ಡಿನ ಶಿವರುದ್ರಪ್ಪನ ಆಪರೇಷನ್ ನಾಳೆಗೆ ಹೋಗೇತಿ. ಅವಗ ಊಟ ಕೊಡ್ರಿ ಅಂತ ಅಡಿಗಿಮನಿಗೆ ಹೇಳಿ ಬಾ."

ಪ್ರಭುಲಿಂಗ ಹೋಗಿ ಬಂದ.

"ಹೇಳಿದ್ಯಾ?"

"ಚನ್ನಮಲ್ಲಯ್ಯನವರು ಇರಲಿಲ್ರಿ. ಕಟಗಿ ತರಾಕ ಹೋಗಿದ್ರು."

"ಹಂಗಾದ್ರ ಹೇಳಿಲ್ಲ."

ಅವನು ಮತ್ತೆ ಹೋದ. ಮತ್ತೆ ಬಂದ.

"ಹೇಳಿದೆ ಅಕ್ಕಾವರ. ರೊಟ್ಟಿ ಬಡಿಯೋ ಸಪ್ಪಳ ಭಾಳ ಇತ್ತು. ತಲಿ ಅಲ್ಲಾಡಿಸಿದ್ರು."

"ಬರಕೊಂಡ್ರೇನು?"

"ನೋಡಲಿಲ್ರಿ."

ಪ್ರಭುಲಿಂಗ ತಾನಾಗಿಯೇ ಎದ್ದು ಮೂರನೆಯ ಸಲ ಹೋದ.

ಚನ್ನಮಲ್ಲಯ್ಯ ನಕ್ಕುಬಿಟ್ಟ. "ಅವಾಗಲೇ ಬರದೀನ್ರಿ. ಎಷ್ಟು ಸಲ ಹೇಳ್ತೀರಿ?" ಎಂದು ಗೋಡೆಯ ಮೇಲಿನ ಕರಿಹಲಗೆ ತೋರಿಸಿದ. ಊಟ ಕೊಡಬೇಕಾದವರ ಸಾಲಿನಲ್ಲಿ ಶಿವರುದ್ರಪ್ಪನ ಹೆಸರಿತ್ತು. ಒಂದೇ ಸಲ ಇತ್ತು.

ಪ್ರಭುಲಿಂಗ ಆ ಹಲಗೆಯ ಮುಂದೆ ಬಹಳ ಹೊತ್ತು ನಿಂತ. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

ತಿರುಗಿ ಬಂದಾಗ ಅವನ ನಡಿಗೆ ಬೇರೆಯೇ ಆಗಿತ್ತು.

"ತಿಳೀತು ಅಕ್ಕಾವರ. ಆಪರೇಷನ್ ಸರ್ವಿಸ್ 'ಮುಂದೂಡಿದೆ' ಅಂತ ಬರಿಯೋವಾಗಲೇ, 'ಅಡಿಗಿಗೆ ಹೇಳೋದು ಬಾಕಿ' ಅಂತಾನೂ ತನ್ನ ಡೇಟಾಬೇಸಿನಾಗ ಬರೀಬೇಕು. ಬರದರ ಎರಡೂ, ಇಲ್ಲಂದ್ರ ಎರಡೂ ಇಲ್ಲ. ಅಡಿಗಿಯಿಂದ 'ಬರಕೊಂಡೆ' ಅಂತ ಉತ್ತರ ಬರೋವರೆಗೂ ಹೇಳತಾನ ಇರಬೇಕು. ಬಾಕಿ ಹೊಡೆದುಹಾಕೋದು ಆಮ್ಯಾಗ."

"ಹತ್ತು ಸಲ ಹೇಳಿದ್ರ ಅಡಿಗಿಯವರು ಹತ್ತು ತಾಟು ಬಡಿಸ್ತಾರೇನು?"

"ಇಲ್ರಿ. ಪ್ರತಿ ಸುದ್ದಿಗೂ ಒಂದು ನಂಬರ್ ಕೊಡ್ತೀನಿ. ಒಮ್ಮೆ ಬರಕೊಂಡ ನಂಬರ್ ಮತ್ತ ಬಂದ್ರ, ಹೂಂ ಅಂತಾರ, ಬರಿಯೂದಿಲ್ಲ."

"ಹಾಸಿಗಿ ಕೊಟ್ಟಾದ ಮ್ಯಾಲ ಆಪರೇಷನ್ ಬ್ಯಾಡಾದ್ರ?"

ಪ್ರಭುಲಿಂಗ ಯೋಚಿಸಿದ. "ಕೊಟ್ಟದ್ದನ್ನ ಕೊಟ್ಟಿಲ್ಲ ಅನ್ನಾಕ ಬರೂದಿಲ್ಲ. 'ಬಿಡಿಸು' ಅಂತ ಇನ್ನೊಂದು ಸುದ್ದಿ ಕಳಿಸಬೇಕು. ಅದಕ್ಕೂ ಬಾಕಿ, ಅದಕ್ಕೂ ಉತ್ತರ."

ಅಕ್ಕನವರು ತಮ್ಮ ಪಕ್ಕದಲ್ಲಿ ಚಾಪೆಯ ಮೇಲೆ ಜಾಗ ಮಾಡಿದರು. ಆ ಮಧ್ಯಾಹ್ನ ಗುರುವೂ ಶಿಷ್ಯನೂ ಒಂದೇ ಪರದೆಯ ಮುಂದೆ ಕೂತು ಬರೆದರು. ಅವನು ಹತ್ತು ಸಾಲಿನಲ್ಲಿ ಬರೆದದ್ದನ್ನು ಅವರು ಮೂರು ಸಾಲಿಗೆ ಇಳಿಸುತ್ತಿದ್ದರು. ಇಳಿಸಿದ್ದು ಅವನದೇ ಅನ್ನುವ ಹಾಗಿರುತ್ತಿತ್ತು. ಇಂಥ ಕೈ ತನಗೆ ಯಾವಾಗ ಬಂದೀತು ಎಂದು ಅವನು ನೋಡುತ್ತಲೇ ಇದ್ದ.

ಆ ವಾರ ದ್ಯಾಮವ್ವನ ಆಪರೇಷನ್ ಆಯಿತು. ಕಲ್ಲುಗಳನ್ನು ಒಂದು ಶೀಶೆಯಲ್ಲಿ ಹಾಕಿಸಿಕೊಂಡು, ಎಲ್ಲರಿಗೂ ತೋರಿಸಿ, ಊರಿಗೆ ಹೋದಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಡುಗೆಯ ಸರ್ವಿಸ್ ಮತ್ತೆ ನಿಂತಿತು. ಅದೇ ಹೊತ್ತಿಗೆ ಮೇಷ್ಟ್ರೊಬ್ಬರ ಆಪರೇಷನ್ ಮುಂದೆ ಹೋಯಿತು. ಪ್ರಭುಲಿಂಗನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: 'ಅಡುಗೆಗೆ ಹೇಳುವುದು ಬಾಕಿ'.

ಸುದ್ದಿ ಹೋಯಿತು, ಉತ್ತರ ಬರಲಿಲ್ಲ. ಮತ್ತೆ ಹೋಯಿತು, ಬರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಅಡುಗೆಯ ಸರ್ವಿಸ್ ಎದ್ದಿತು. ಮುಂದಿನ ಸುದ್ದಿಗೆ ಉತ್ತರ ಬಂತು. 'ಉಪವಾಸ' ಅಳಿದು 'ಊಟ' ಎಂದಾಯಿತು.

ಪ್ರಭುಲಿಂಗ ಅಕ್ಕನವರಿಗೆ ಎಲ್ಲ ಹೇಳಿದ. ಹೇಳಿದ ಮೇಲೂ ಅವನ ಮುಖದಲ್ಲಿ ಏನೋ ಉಳಿದಿತ್ತು.

"ಕಡೀಕ ಎಲ್ಲಾ ಹೊಂದಿಕೊಂಡ್ವು ಅಕ್ಕಾವರ. ಆದ್ರ ಇಪ್ಪತ್ತು ನಿಮಿಷ ಒಂದು ಡೇಟಾಬೇಸ್ ಊಟ ಕೊಡು ಅಂತಿತ್ತು, ಇನ್ನೊಂದು ಬ್ಯಾಡ ಅಂತಿತ್ತು. ಆ ಇಪ್ಪತ್ತು ನಿಮಿಷದಾಗ ಖರೇ ಯಾವುದು?"

"ನೀ ಆಗ ಎಲ್ಲಿದ್ದಿ?"

"ಕೆಂಪು ಅಕ್ಷರ ನೋಡಿದ ಕೂಡ್ಲೆ ಎದ್ದು ಮೇಷ್ಟ್ರ ಹತ್ರ ಹೋದೆ. ಆಪರೇಷನ್ ಇವತ್ತಿಲ್ಲ ಅಂತ ಹೇಳಿ, ಡಾಕ್ಟರನ್ನ ಕೇಳಿ, ಉಪ್ಪಿಟ್ಟು ತಂದು ಕೊಟ್ಟೆ."

"ಹೆಂಗ ಉಂಡ್ರು?"

"ಭಾಳ ಹಸಿದಿದ್ರು."

ಅಕ್ಕನವರು ಅವನನ್ನು ನೋಡಿದರು. ಅವರ ಕಣ್ಣು ತುಂಬಿದ್ದನ್ನು ಪ್ರಭುಲಿಂಗ ಅದೇ ಮೊದಲ ಸಲ ಕಂಡ.

"ಆ ಹಸಿವು ನಾಲ್ಕರಾಗ ಯಾವ ಡೇಟಾಬೇಸಿನಾಗ ಇತ್ತಪ್ಪ?"