ದಾಳಿಂಬೆ ಹೂವಿನ ಬಣ್ಣದ ನೂಲು

"ಗುರುಗಳೇ, ಒಬ್ಬರಿಗೆ ಮಾಡಿದ ಅನ್ಯಾಯ ಕಳೆಯಬೇಕಾದರೆ ಯಾವ ಕ್ಷೇತ್ರಕ್ಕೆ ಹೋಗಬೇಕು?" ಎಂದು ಶಿಷ್ಯ ಕೇಳಿದ. ಅವನು ಆಗಲೇ ಕಾಶಿಯ ರೈಲನ್ನು ವಿಚಾರಿಸಿ ಬಂದಿದ್ದ. ಶ್ರೀಶೈಲವಾದರೆ ಸಾಕೋ, ಕಾಶಿಯೇ ಆಗಬೇಕೋ ಎಂಬುದಷ್ಟೇ ಅವನ ಅನುಮಾನವಾಗಿತ್ತು.

ಗುರುಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಕೂತುಕೋ ಎಂದು ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೀಲಗಂಗವ್ವ ಎಂಬ ಕಸೂತಿಗಾರ್ತಿ ಇದ್ದಳು. ಪಕ್ಕದ ಓಣಿಯಲ್ಲಿ ಅನಸವ್ವ ಎಂಬ ಇನ್ನೊಬ್ಬ ಕಸೂತಿಗಾರ್ತಿ. ಇಬ್ಬರಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಒಬ್ಬಳಿಗೆ ಇನ್ನೊಬ್ಬಳೇ ಬಂಧು ಬಳಗ. ಊರವರ ಸೀರೆಗಳಿಗೆಲ್ಲ ಕಸೂತಿ ಹಾಕಿ ಹಾಕಿ ಒಂದು ದಿನ ಅವರಿಗೆ ತಮಗೂ ಒಂದು ಸೀರೆ ಇರಲಿ ಎನ್ನಿಸಿತು. ಒಂದೇ ಸೀರೆ, ಹಬ್ಬಕ್ಕೊಬ್ಬರು ಸರದಿಯಲ್ಲಿ ಉಡುವುದು ಎಂದು ಮಾತಾಯಿತು. ಕರಿಸೀರೆ ತಂದರು. ಅದಕ್ಕೆ ದಾಳಿಂಬೆ ಹೂವಿನ ಬಣ್ಣದ ರೇಷ್ಮೆ ನೂಲು. ಆ ಬಣ್ಣ ಹಾಕಿಕೊಟ್ಟ ಮುದುಕ ಅದೇ ವರ್ಷ ತೀರಿಕೊಂಡ. ಅವನ ಬಣ್ಣ ಮತ್ತೊಬ್ಬರಿಗೆ ಬರಲಿಲ್ಲ. ಇದ್ದ ನೂಲೆಲ್ಲ ಅನಸವ್ವನ ಡಬ್ಬಿಯಲ್ಲಿತ್ತು, ಸೀರೆ ನೀಲಗಂಗವ್ವನ ಮನೆಯಲ್ಲಿತ್ತು.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲ್ಬದಿ ಹೇಗೋ ಅಡಿಬದಿಯೂ ಹಾಗೆಯೇ ಕಾಣಬೇಕು. ಗಂಟು ಹಾಕುವವಳು ಎಂದು ಹೆಸರು ಬಿದ್ದರೆ ಆಮೇಲೆ ಅವಳಿಗೆ ಯಾರೂ ಸೀರೆ ಕೊಡುವುದಿಲ್ಲ. ಹೀಗಿದ್ದೂ ನೀಲಗಂಗವ್ವ ಒಂದು ದಿನ ನೂಲು ಗಿಡ್ಡವಾಯಿತೆಂದು, ಒಲೆಯ ಮೇಲೆ ಬೇಳೆ ಉಕ್ಕುತ್ತಿದೆಯೆಂದು, ಸೆರಗಿನ ಮೇಲೆ ಹಾಕುತ್ತಿದ್ದ ಗೋಪುರದ ಚಿತ್ತಾರದ ತುದಿಗೆ ಒಂದು ಗಂಟು ಬಿಗಿದು ಎದ್ದಳು. ಯಾರು ನೋಡುತ್ತಾರೆ ಎಂದುಕೊಂಡಳು. ಮುಂದಿನ ವಾರ ಓಣಿಯ ಹೆಂಗಸರು ಸೀರೆ ನೋಡಲು ಬಂದರು. ಅವರಲ್ಲಿ ಹಿರಿಯಳೊಬ್ಬಳು ಸೀರೆಯನ್ನು ಮಗುಚಿ, ಬೆರಳಾಡಿಸಿ, ಗಂಟನ್ನು ಹಿಡಿದೇಬಿಟ್ಟಳು. ಇದು ಯಾರದು ಎಂದು ಕೇಳಿದಳು.

"ನಂದಲ್ಲ. ಅನಸವ್ವಂದು," ಎಂದಳು ನೀಲಗಂಗವ್ವ.

ಅಲ್ಲೇ ಕೂತಿದ್ದ ಅನಸವ್ವ ನೂಲಿನ ಡಬ್ಬಿ ಮುಚ್ಚಿ, ಬಗಲಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಅಂದು ಹೋದವಳು ಮತ್ತೆ ಬರಲಿಲ್ಲ. ಅವಳಿಗೆ ಬರುತ್ತಿದ್ದ ಸೀರೆಗಳೂ ಒಂದೊಂದಾಗಿ ನಿಂತುಹೋದವು.

ಎಂಟು ವರ್ಷ ಕಳೆಯಿತು. ನೀಲಗಂಗವ್ವನಿಗೆ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆದರೆ ಹಾಕಿದ ಕಸೂತಿ ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳುವವರು ಮನೆಯಲ್ಲಿ ಇರಲಿಲ್ಲ. ಗಿರಾಕಿಗಳು ಎಲ್ಲವನ್ನೂ ಚಂದ ಎನ್ನುತ್ತಿದ್ದರು. ಅನಸವ್ವನಾದರೆ ಒಂದು ಎಳೆ ತಪ್ಪಿದ್ದರೂ ಮೂಗು ಮುರಿಯುತ್ತಿದ್ದಳು. ಆ ಮೂಗು ಮುರಿಯುವವಳಿಲ್ಲದೆ ನೀಲಗಂಗವ್ವನಿಗೆ ದಿನ ಹೋಗುವುದೇ ಕಷ್ಟವಾಯಿತು. ತಪ್ಪಾಯಿತು ಎಂದು ಹೇಳಬೇಕು ಎಂದು ದಿನಾ ಅಂದುಕೊಳ್ಳುವಳು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ದಿನಾ ಬಿಡುವಳು. ಕೊನೆಗೆ ಒಂದು ಉಪಾಯ ಹೊಳೆಯಿತು. ಅರ್ಧಕ್ಕೆ ನಿಂತ ಆ ಸೀರೆಯನ್ನು ಮುಗಿಸಿ ಒಯ್ದರೆ ಮಾತು ತಾನಾಗಿ ಬರುತ್ತದೆ. ಅದಕ್ಕೆ ಬೇಕಾದದ್ದು ನೂಲು ಒಂದೇ.

ಪೇಟೆಯ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು. ನೀಲಗಂಗವ್ವ ಮೊಬೈಲಿನಲ್ಲಿ ಹುಡುಕಿದಳು. ಮೊದಲು ತರಿಸಿದ ನೂಲು ಚಿತ್ರದಲ್ಲಿ ದಾಳಿಂಬೆ ಹೂವಿನಂತೆ ಇತ್ತು, ಕೈಗೆ ಬಂದಾಗ ಗಜ್ಜರಿಯ ಬಣ್ಣಕ್ಕಿತ್ತು. ಇನ್ನೊಂದು ಕಡೆ ಬಣ್ಣ ಸರಿಯಿತ್ತು, ಆದರೆ ರೇಷ್ಮೆಯೆಂದು ಬರೆದು ಹತ್ತಿ ನೂಲು ಕಳುಹಿಸಿದ್ದರು. ಅದನ್ನು ವಾಪಸು ಮಾಡಲು ಹೋದರೆ ಕಾರಣ ಆರಿಸು ಎಂದಿತು; ಅಲ್ಲಿದ್ದ ಕಾರಣಗಳಲ್ಲಿ ಅವಳದ್ದು ಇರಲಿಲ್ಲ. ಮತ್ತೊಂದು ಅಂಗಡಿ ನಿಮ್ಮ ಊರಿಗೆ ಕಳುಹಿಸುವುದಿಲ್ಲ ಎಂದಿತು. ಸಹಾಯಕ್ಕೆಂದು ಕೊಟ್ಟ ನಂಬರಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದರು. ಒತ್ತಿ ಒತ್ತಿ ಬೆರಳು ನೋಯಿತೇ ಹೊರತು ಮನುಷ್ಯರ ದನಿ ಕೇಳಲಿಲ್ಲ. ನೂಲು ಹುಡುಕಿದಳೆಂಬ ಒಂದೇ ತಪ್ಪಿಗೆ ಆ ಮೊಬೈಲು ಅವಳಿಗೆ ತಿಂಗಳುಗಟ್ಟಲೆ ಗಾಳಿಪಟದ ದಾರವನ್ನೂ ಬಾವಿಯ ಹಗ್ಗವನ್ನೂ ತೋರಿಸಿತು.

ಪ್ರತಿ ಸಲವೂ ನೀಲಗಂಗವ್ವ ಬೈದುಕೊಂಡಳು. ನಿಜ ಹೇಳಬೇಕೆಂದರೆ ಪ್ರತಿ ಸಲವೂ ಅವಳಿಗೆ ಒಳಗೊಳಗೇ ತುಸು ಹಗುರವೂ ಆಗುತ್ತಿತ್ತು. ನೂಲು ಸಿಗದಿದ್ದರೆ ಸೀರೆ ಮುಗಿಯುವುದಿಲ್ಲ, ಸೀರೆ ಮುಗಿಯದಿದ್ದರೆ ಹೋಗುವ ಮಾತೂ ಇಲ್ಲ.

ಒಂದು ದಿನ ಎಂದೂ ಹೆಸರು ಕೇಳದ ಒಂದು ಅಂಗಡಿ ಮೊಬೈಲಿನಲ್ಲಿ ಕಂಡಿತು. ಹಳೆಯ ರೇಷ್ಮೆ ನೂಲು, ಕೆಲವೇ ಲಡಿ ಉಳಿದಿವೆ ಎಂದು ಬರೆದಿತ್ತು. ಅವಳು ತರಿಸಿದಳು. ಪಾರ್ಸಲು ಹುಬ್ಬಳ್ಳಿ ತಲುಪಿತು, ಬೆಂಗಳೂರು ತಲುಪಿತು, ಮತ್ತೆ ಹುಬ್ಬಳ್ಳಿ ತಲುಪಿತು ಎಂದು ಮೊಬೈಲು ಹೇಳುತ್ತಾ ಹೋಯಿತು. ಯಾವ ದೇಶದಿಂದ ಬರುತ್ತಿದೆಯೋ ಎಂದು ಅವಳು ಕಾದಳು. ಒಂಬತ್ತನೆಯ ದಿನ ಪಾರ್ಸಲಿನವನು ಬಾಗಿಲಿಗೆ ಬಂದ. ಚೀಟಿ ಓದಿ ನಕ್ಕ.

"ಯವ್ವಾ, ಇದು ಬಾಜೂ ಓಣಿಯಿಂದನ ಬಂದೈತಿ ನೋಡ್ರಿ. ಅನಸವ್ವ ಅಂತ. ನಡಕೋತ ಹೋಗಿ ಇಸಕೊಂಡ ಬರಬಹುದಿತ್ತಲ್ರಿ."

"ಹೂಂನಪ್ಪಾ," ಎಂದಷ್ಟೇ ಹೇಳಿ ನೀಲಗಂಗವ್ವ ಬಾಗಿಲು ಹಾಕಿಕೊಂಡಳು.

ಒಳಗೆ ನಾಲ್ಕು ಲಡಿ ನೂಲಿತ್ತು. ಸೀರೆಯ ಮೇಲಿಟ್ಟು ನೋಡಿದಳು. ಅದೇ ಬಣ್ಣ. ಮೇಲಿನ ಲಡಿಗೆ ಒಂದು ಸೂಜಿ ಚುಚ್ಚಿತ್ತು, ಅದಕ್ಕೆ ನೂಲು ಪೋಣಿಸಿತ್ತು. ನೀಲಗಂಗವ್ವನ ದೃಷ್ಟಿ ಮೊದಲಿನಿಂದಲೂ ಮಂದ. ಇಬ್ಬರೂ ಜೊತೆಗೆ ಕೂತು ಕೆಲಸ ಮಾಡುತ್ತಿದ್ದ ಅಷ್ಟೂ ವರ್ಷ ಅವಳ ಸೂಜಿಗೆ ನೂಲು ಪೋಣಿಸಿ ಕೊಡುತ್ತಿದ್ದವಳು ಅನಸವ್ವ. ಬೇರೆ ಯಾವ ಗಿರಾಕಿಗೂ ಯಾರೂ ಹೀಗೆ ಕಳುಹಿಸುವುದಿಲ್ಲ. ಹೆಸರು ನೋಡಿಯೇ ಕಳುಹಿಸಿದ್ದಾಳೆ ಎಂದು ನೀಲಗಂಗವ್ವನಿಗೆ ತಿಳಿಯಿತು. ಅವಳು ಆ ಸೂಜಿ ಹಿಡಿದು ಅತ್ತಳು.

ಅತ್ತು ಮುಗಿಸಿ, ಮುಖ ತೊಳೆದು, ಓಣಿಯ ತಿರುವಿನವರೆಗೆ ಹೋದಳು. ಸೀರೆ ಇನ್ನೂ ಆಗಿಲ್ಲವಲ್ಲ ಎಂದು ಅಲ್ಲಿಂದ ಹಿಂದೆ ಬಂದಳು.

ಎರಡು ತಿಂಗಳಲ್ಲಿ ಸೀರೆ ಮುಗಿಯಿತು. ಹಳೆಯ ಗಂಟನ್ನೂ ಬಿಚ್ಚಿ ಸರಿಮಾಡಿದಳು. ಆಮೇಲೆ, ಸೀರೆಗೆ ತಕ್ಕ ಕುಪ್ಪಸ ಬೇಡವೇ ಎನ್ನಿಸಿತು. ಮತ್ತೆ ನೂಲು ತರಿಸಿದಳು. ಈ ಸಲವೂ ಸೂಜಿಗೆ ನೂಲು ಪೋಣಿಸಿತ್ತು. ನೂಲು ಹೇಗಿತ್ತು, ನಾಲ್ಕು ಮಾತು ಬರೆಯಿರಿ ಎಂದು ಮೊಬೈಲು ಕೇಳಿತು. ಎಂಟು ವರ್ಷದಿಂದ ಹೇಳಬೇಕೆಂದಿದ್ದದ್ದನ್ನು ಬರೆಯಲು ಅಲ್ಲಿ ಜಾಗವೇನೋ ಇತ್ತು. ನೀಲಗಂಗವ್ವ ಐದು ನಕ್ಷತ್ರ ಒತ್ತಿ, ಬಣ್ಣ ಸರಿಯಾಗಿದೆ ಎಂದು ಬರೆದಳು. ಧನ್ಯವಾದಗಳು, ಮತ್ತೆ ಬನ್ನಿ ಎಂದು ಉತ್ತರ ಬಂತು. ಇದು ಎಲ್ಲರಿಗೂ ಬರುವ ಮಾತೋ, ಅನಸವ್ವ ತನಗೆಂದೇ ಬರೆದದ್ದೋ ಎಂದು ಅವಳು ನಾಲ್ಕು ದಿನ ಯೋಚಿಸಿದಳು. ಹೋಗಿ ಕೇಳುವ ಧೈರ್ಯ ಬರಲಿಲ್ಲ. ಇನ್ನೊಂದು ಲಡಿ ತರಿಸಿದಳು.

ಕುಪ್ಪಸವೂ ಮುಗಿಯಿತು. ನೂಲಿಗೆ ಕೆಲಸವಿರಲಿಲ್ಲ. ಆದರೂ ತರಿಸುವುದನ್ನು ಅವಳು ಬಿಡಲಿಲ್ಲ. ಅನಸವ್ವನ ಸೂಜಿಗಳು ಗೋಡೆಯ ಕ್ಯಾಲೆಂಡರಿನ ಮೇಲೆ ಸಾಲಾಗಿ ನಿಂತವು, ನೂಲು ಪೋಣಿಸಿಕೊಂಡೇ.

ಒಂದು ಬೆಳಿಗ್ಗೆ ಮೊಬೈಲು ತೆರೆದರೆ, ಈ ವಸ್ತು ಸದ್ಯ ಲಭ್ಯವಿಲ್ಲ ಎಂದಿತ್ತು. ನೂಲೇ ಮುಗಿಯಿತೋ, ಅನಸವ್ವನಿಗೆ ಜಡ್ಡಾಗಿದೆಯೋ, ಕಾದು ಕಾದು ಅವಳಿಗೆ ಸಾಕಾಯಿತೋ, ನೀಲಗಂಗವ್ವನಿಗೆ ಏನೂ ತಿಳಿಯಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು: ಬಂದಾಗ ನಿಮಗೆ ತಿಳಿಸಬೇಕೇ? ಅವಳು ತಿಳಿಸಿ ಎಂಬುದನ್ನು ಒತ್ತಿದಳು. ಮಡಿಸಿಟ್ಟ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಾ ಕೂತಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಎಂಥ ಹೆಂಗಸು ಗುರುಗಳೇ ಇವಳು? ಆಮೇಲಾದರೂ ಹೋದಳೇ?"

"ನಿನ್ನ ಅಣ್ಣನ ಮನೆ ಇರುವುದು ಯಾವ ಓಣಿಯಲ್ಲಿ?" ಎಂದರು ಗುರುಗಳು.